ತಂತಿಯ ತಪ್ಪು

"ಪಪ್ಪ, ನೀವು ಎಂತದೂ ಮುಟ್ಲಿಕ್ಕೆ ಹೋಗ್ಬೇಡಿ, ಸಂಜೆ ಬಂದು ನಾನೇ ಕನೆಕ್ಟ್ ಮಾಡ್ತೇನೆ," ಎಂದೇ ಮಗ ಹೇಳಿರಬೇಕು. ಬಗ್ಗಿ ಶೂವಿನ ಲೇಸು ಕಟ್ಟುತ್ತಿದ್ದವನ ಬಾಯಿ ಲೀಲಾಧರನಿಗೆ ಕಾಣುತ್ತಿರಲಿಲ್ಲ. ಆದರೂ ಎಂದಿನಂತೆ ತಲೆಯಾಡಿಸಿದ್ದ. ತಲೆಯಾಡಿಸುವುದರಲ್ಲಿ ಅವನು ಈಚೆಗೆ ಚೆನ್ನಾಗಿ ಪಳಗಿದ್ದ. ಹೌದಿಗೂ ಸಲ್ಲುವ, ಅಲ್ಲಕ್ಕೂ ಸಲ್ಲುವ, ಎದುರಿನವರು ನಕ್ಕರೆ ಕೂಡಲೇ ನಗುವಾಗಿ ತಿರುಗಬಲ್ಲ ಒಂದು ತಲೆಯಾಟ. ಮಗ ಕಮಲೇಶ ಪಣಂಬೂರಿನ ಆಫೀಸಿಗೆ ಹೋಗಿಯಾಗಿತ್ತು. ಹೆಂಡತಿ ಅಮ್ಮಣ್ಣಿ ಹಲ್ಲುನೋವೆಂದು ಕೊಡಿಯಾಲ್‌ಬೈಲಿನ ಡಾಕ್ಟರಲ್ಲಿಗೆ ಹೋಗಿದ್ದಳು. ಅಲ್ಲಿಯ ಟ್ರಾಫಿಕ್ಕು ದಾಟಿ ಕೂಳೂರಿಗೆ ಮರಳುವಾಗ ಮಧ್ಯಾಹ್ನವಾದರೂ ಆದೀತು. ಮೂರನೇ ಮಾಳಿಗೆಯ ಮನೆಯಲ್ಲಿ ಈಗ ಉಳಿದದ್ದು ಅವನು, ಗೋಡೆಯ ಮೇಲಿನ ಟಿವಿ, ಮತ್ತು ಸೋಫಾದ ಮೇಲೆ ಉದ್ದಕ್ಕೆ ಮಲಗಿದ, ಇನ್ನೂ ಒಡೆಯದ ಸೌಂಡ್‌ಬಾರಿನ ಪೆಟ್ಟಿಗೆ. ಅದನ್ನು ನೋಡಿದಾಗಲೆಲ್ಲ ಅವನಿಗೆ ಹೆದರಿಕೆಯಾಗುತ್ತಿತ್ತು.

ಮೂವತ್ತೊಂದು ವರ್ಷ ಮೀನುಗಾರಿಕೆಯ ಬೋಟಿನಲ್ಲಿ ಎಂಜಿನ್ ಡ್ರೈವರಾಗಿದ್ದವನಿಗೆ, ಕೋಲಿನಂಥ ಒಂದು ಸ್ಪೀಕರಿಗೆ ಒಂದು ತಂತಿ ಸಿಕ್ಕಿಸುವ ಕೆಲಸಕ್ಕೆ ಕೈಹಾಕಬೇಡ ಎನ್ನುವುದು ಅವಮಾನವೇ ಸರಿ. ಆದರೆ ಹೆದರಿಕೆ ಅದರದ್ದಲ್ಲ. ಈ ಪೆಟ್ಟಿಗೆ ಮನೆಗೆ ಬಂದದ್ದು ಅವನದೇ ಒಂದು ಸುಳ್ಳಿನ ದೆಸೆಯಿಂದ. ಒಂದು ವರ್ಷದಲ್ಲಿ ಟಿವಿಯ ವಾಲ್ಯೂಮ್ ನಲವತ್ತರಿಂದ ಅರವತ್ತಕ್ಕೆ, ಅರವತ್ತರಿಂದ ಎಪ್ಪತ್ತೈದಕ್ಕೆ ಏರಿತ್ತು. ಕೆಳಗಿನ ಮನೆಯ ಡಾಲಿ ಟೀಚರ್, ರಿಟೈರಾದ ಮೇಲೂ ನಾಲಗೆಯಲ್ಲಿ ಬೆತ್ತ ಉಳಿಸಿಕೊಂಡವರು, ಒಂದು ಸಂಜೆ ಮೇಲೆ ಬಂದು, "ನಿಮ್ಮ ಸೀರಿಯಲ್ ನನಗೂ ಬಾಯಿಪಾಠ ಆಯ್ತು ಲೀಲಾಧರರೇ," ಎಂದು ನಗುತ್ತಲೇ ಹೇಳಿ ಹೋಗಿದ್ದರು. "ಟಿವಿಯ ಸ್ಪೀಕರ್ ಹಾಳಾಗಿದೆ, ಬರೀ ಗೊಜಗೊಜ," ಎಂದು ಅವನು ಮನೆಯವರಿಗೆ ಹೇಳಿದ. ಅದಕ್ಕೆ ಮೊದಲು ಮೊಬೈಲ್ ಹಾಳಾಗಿತ್ತು. ಅದಕ್ಕೂ ಮೊದಲು ಫ್ಯಾನು ಜೋರಾಗಿತ್ತು. ಹಲ್ಲುನೋವು ಬಂದ ಮೇಲೆ ಅಮ್ಮಣ್ಣಿಯ ಮಾತೇ ಸ್ಪಷ್ಟವಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈಗ ಮಗ ನೆಲವನ್ನೇ ನೆಟ್ಟಗೆ ಮಾಡಿ ತಂದಿಟ್ಟಿದ್ದ. ಇನ್ನು ಕುಣಿಯಲಾರದವಳು ಯಾವುದನ್ನು ಡೊಂಕು ಎನ್ನಬೇಕು? ಸಂಜೆ ಎಲ್ಲರೆದುರು ಈ ಕೋಲು ಮಾತಾಡಿ, ಎಲ್ಲರಿಗೂ ಕೇಳಿ, ತನ್ನೊಬ್ಬನಿಗೆ ಕೇಳದೆ ಹೋದರೆ ಮುಖ ಎಲ್ಲಿಡುವುದು? ಅದಕ್ಕೆ ಮೊದಲು ತಾನೊಬ್ಬನೇ ಪರೀಕ್ಷಿಸಿ ನೋಡಬೇಕಿತ್ತು.

ಕಿವಿ ಹೋದರೆ ಹೋಗಲಿ, ಅರವತ್ತೊಂದರಲ್ಲಿ ಯಾರಿಗೆ ಎಂತ ಹೋಗುವುದಿಲ್ಲ ಎಂದು ಅವನು ತನಗೇ ಹೇಳಿಕೊಳ್ಳುತ್ತಿದ್ದ. ಹೋದದ್ದು ಈಗ ಎಂದಾದರೆ ಅದು ಬರೀ ನಾಚಿಕೆ. ಹೋದದ್ದು ಮೊದಲೇ ಎಂದಾದರೆ, ಕೆಳಗೆ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವ ವಾಚ್‌ಮನ್ ಲಿಗೋರಿಯ ಬಲಗೈಯ ವಿಷಯ ಬರುತ್ತದೆ. ಆ ಕೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಇವೆ. ಇಪ್ಪತ್ತೆರಡು ವರ್ಷದ ಹಿಂದೆ, ಕಮಲೇಶ ಐದನೇ ಕ್ಲಾಸಿನಲ್ಲಿದ್ದಾಗ, ಅವನೂ ಲಿಗೋರಿಯೂ ಒಂದೇ ಬೋಟಿನಲ್ಲಿದ್ದರು. ಮೇಲಿನ ಡೆಕ್ಕಿನಿಂದ ಕೆಳಗಿನ ಎಂಜಿನ್ ರೂಮಿಗೆ ಒಂದು ತಂತಿ, ತಂತಿಯ ತುದಿಗೆ ಗಂಟೆ. ಮೇಲಿನವರು ಎಳೆದರೆ ಗಂಟೆ ಬಡಿಯಬೇಕು, ಬಡಿದರೆ ಡ್ರೈವರು ನಿಲ್ಲಿಸಬೇಕು, ನಿಲ್ಲಿಸಿದರೆ ಬಲೆ ಎಳೆಯುವ ವಿಂಚ್ ನಿಲ್ಲುತ್ತದೆ. ಆ ದಿನ ಲಿಗೋರಿಯ ಬಲಗೈ ರೋಪಿನೊಟ್ಟಿಗೆ ವಿಂಚಿನೊಳಗೆ ಹೋಯಿತು. ಎಡಗೈಯಲ್ಲಿ ತಂತಿ ಎಳೆದೆ ಎಂದು ಅವನು ಆಸ್ಪತ್ರೆಯಲ್ಲಿ ಹೇಳಿದ. ಗಂಟೆ ಬಡಿಯಲೇ ಇಲ್ಲ ಎಂದು ಲೀಲಾಧರ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಹೇಳಿದ. ಎಂಜಿನ್ ನಿಂತದ್ದು, ಒಬ್ಬ ಏಣಿ ಇಳಿದು ಬಂದು ಅವನ ಭುಜ ಹಿಡಿದು ಅಲುಗಾಡಿಸಿದ ಮೇಲೆ.

ಬೋಟಿನಲ್ಲಿ ಒಂದು ಕ್ರಮವಿತ್ತು. ಏನೇ ಅನಾಹುತವಾದರೂ ತಪ್ಪನ್ನು ಮನುಷ್ಯನ ತಲೆಗೆ ಕಟ್ಟುತ್ತಿರಲಿಲ್ಲ. ನಾಳೆ ಅದೇ ಮನುಷ್ಯನೊಟ್ಟಿಗೆ ಅದೇ ಹಲಗೆಯ ಮೇಲೆ ನಿಂತು ಸಮುದ್ರಕ್ಕೆ ಹೋಗಬೇಕಲ್ಲ. ತಪ್ಪು ರೋಪಿನದ್ದು, ಗಾಳಿಯದ್ದು, ತುಕ್ಕು ಹಿಡಿದ ಬೋಲ್ಟಿನದ್ದು ಎಂದು ಮುಗಿಸುತ್ತಿದ್ದರು. ಈ ಸಲವೂ ತಂತಿಯದ್ದು ಎಂದಾಯಿತು. ಆದರೆ ಬೆರಳು ಹೋದ ವಿಷಯವಾದ್ದರಿಂದ, ಒಂದು ಮಾತು ದೈವದ ಎದುರು ಆಗಿಬಿಡಲಿ ಎಂದರು ಹಿರಿಯರು. ಲೀಲಾಧರ ಮಿಂದು ಒದ್ದೆ ಬಟ್ಟೆಯಲ್ಲಿ ಊರಿನ ದೈವದ ಸ್ಥಾನದ ಎದುರು ನಿಂತು, ಗಂಟೆ ಬಡಿಯಲಿಲ್ಲ ಎಂದು ಪ್ರಮಾಣ ಮಾಡಿದ. ಎಲ್ಲರೂ ನಂಬಿದರು, ಯಾಕೆಂದರೆ ಲೀಲಣ್ಣನ ಕಿವಿಯೆಂದರೆ ದಕ್ಕೆಯಲ್ಲಿ ಹೆಸರುವಾಸಿ. ಎಂಜಿನಿನ ಯಾವ ಬೇರಿಂಗ್ ಸವೆದಿದೆ ಎಂದು ಬಿಚ್ಚದೆ ಹೇಳುವವನು ಅವನೊಬ್ಬನೇ. ಹಳೆಯ ತಂತಿಯನ್ನು ಕಿತ್ತು ಸಮುದ್ರಕ್ಕೆ ಎಸೆದರು. ನೋವಿನಲ್ಲಿ ಲಿಗೋರಿ ಬೇರೆ ಯಾವುದನ್ನೋ ಎಳೆದಿರಬೇಕು ಎಂದು ಯಾರೋ ಹೇಳಿದ್ದು ಬರುಬರುತ್ತ ಎಲ್ಲರ ಮಾತಾಯಿತು, ಕೊನೆಗೆ ಲಿಗೋರಿಯದೂ ಆಯಿತು. "ನಾನು ಆ ದಿನ ಎಂತ ಎಳೆದೆನೋ ಮಾರಾಯ್ರೆ, ದೇವರಿಗೇ ಗೊತ್ತು," ಎಂದು ಅವನು ನಗುವುದನ್ನು ಲೀಲಾಧರ ಎಷ್ಟೋ ಸಲ ನೋಡಿದ್ದ. ಎಂಟು ವರ್ಷದ ಹಿಂದೆ ಈ ಬಿಲ್ಡಿಂಗಿನ ಅಸೋಸಿಯೇಶನ್‌ನವರ ಕೈಕಾಲು ಹಿಡಿದು ಲಿಗೋರಿಗೆ ಕೆಲಸ ಕೊಡಿಸಿದ್ದೂ ಲೀಲಾಧರನೇ. ಅದನ್ನು ಜನ ಸ್ನೇಹವೆಂದರು. ದಿನಾ ಗೇಟು ದಾಟುವಾಗ ಲಿಗೋರಿ ಎಡಗೈ ಎತ್ತಿ ಏನೋ ಹೇಳುತ್ತಿದ್ದ, ಇವನು ತಲೆಯಾಡಿಸಿ ಬೇಗ ಬೇಗ ಹೋಗಿಬಿಡುತ್ತಿದ್ದ.

ಹತ್ತೂವರೆಗೆ ಅವನು ಎದ್ದು, ಅಡುಗೆಮನೆಯಿಂದ ಕತ್ತಿ ತಂದು ಪೆಟ್ಟಿಗೆಯ ಟೇಪು ಕೊಯ್ದ. ಥರ್ಮೋಕೋಲಿನ ನಡುವೆ ಕರಿಯ ಕೋಲು, ಮುಖಕ್ಕೆ ಬಲೆಯಂಥ ಜಾಲರಿ, ಒಂದು ಚಿಕ್ಕ ರಿಮೋಟು, ಮೂರು ತಂತಿ, ಮಾತಿಲ್ಲದೆ ಬರೀ ಚಿತ್ರವಿದ್ದ ಒಂದು ಹಾಳೆ. ಕೋಲನ್ನು ಟಿವಿಯ ಕೆಳಗಿನ ಸ್ಟ್ಯಾಂಡಿನ ಮೇಲಿಟ್ಟ. ಕರೆಂಟಿನದ್ದನ್ನು ಸಿಕ್ಕಿಸಿದ ಕೂಡಲೇ ಒಂದು ಬಿಳಿ ಚುಕ್ಕೆ ಹತ್ತಿಕೊಂಡಿತು. ಟಿವಿಯ ಬೆನ್ನಿಗೂ ಗೋಡೆಗೂ ನಡುವೆ ಕೈ ತೂರಿಸಿ, ಕಾಣದ ಕಿಂಡಿಗಳನ್ನು ಬೆರಳಿನಲ್ಲೇ ತಡವುವಾಗ, ಅವನಿಗೆ ಒಂದು ಕ್ಷಣ ಹಳೆಯ ಧೈರ್ಯ ಬಂತು; ಎಂಜಿನಿನ ಅಡಿಯಲ್ಲಿ ಹೀಗೆಯೇ ಕಣ್ಣು ಮುಚ್ಚಿ ನಟ್ಟು ಬಿಗಿಯುತ್ತಿದ್ದ ಕೈ ಅದು. ಎಚ್‌ಡಿಎಂಐ ತಂತಿಯನ್ನು ಮೊದಲು ಸಿಕ್ಕಿದ ಕಿಂಡಿಗೆ ಹಾಕಿದ. ಟಿವಿ ಹಾಕಿ, ಅದರದೇ ಸದ್ದನ್ನು ಸೊನ್ನೆಗೆ ಇಳಿಸಿದ. ವಾರ್ತೆ ಓದುವ ಹೆಂಗಸು ಬಾಯಿ ತೆರೆದಳು, ಮುಚ್ಚಿದಳು. ಎಂತದೂ ಕೇಳಲಿಲ್ಲ. ಹಾಳೆ ನೋಡಿದರೆ, ಪಕ್ಕದಲ್ಲಿ ಎಆರ್‌ಸಿ ಎಂದು ಬರೆದ ಕಿಂಡಿಗೇ ಹಾಕಬೇಕಂತೆ. ತಪ್ಪು ತನ್ನ ಕೈಯದ್ದು ಎಂದು ಗೊತ್ತಾದಾಗ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಮೊಬೈಲಿನ ಟಾರ್ಚು ಹಿಡಿದು ಆ ಕಿಂಡಿ ಹುಡುಕಿ ಬದಲಿಸಿದ. ಈ ಸಲ ಪರದೆಯ ಮೂಲೆಯಲ್ಲಿ ಕೋಲಿನದೇ ಒಂದು ಪುಟ್ಟ ಚಿತ್ರ ಬಂತು, ಪಕ್ಕದಲ್ಲಿ ಹನ್ನೆರಡು ಎಂಬ ಸಂಖ್ಯೆ. ಟಿವಿ ಕೋಲನ್ನು ಗುರುತು ಹಿಡಿದಿತ್ತು. ಹೆಂಗಸು ಬಾಯಿ ತೆರೆದಳು, ಮುಚ್ಚಿದಳು.

ಅವನು ತಂತಿಯನ್ನು ಕಿತ್ತು ಊದಿ ಮತ್ತೆ ಹಾಕಿದ. ಟಿವಿಯನ್ನು ಆರಿಸಿ ಹತ್ತರವರೆಗೆ ಎಣಿಸಿ ಮತ್ತೆ ಹಾಕಿದ. ಸೆಟ್ಟಿಂಗಿನೊಳಗೆ ಹೋಗಿ, ಟಿವಿಯ ಸ್ಪೀಕರ್ ಎಂಬಲ್ಲಿಂದ ಹೊರಗಿನ ಸ್ಪೀಕರ್ ಎಂಬಲ್ಲಿಗೆ ಗುರುತು ಸರಿಸಲು ನೋಡಿದ. ಅದು ಮೊದಲೇ ಸರಿದಿತ್ತು. ಕೊನೆಗೆ ಸಪೂರದ ಇನ್ನೊಂದು ತಂತಿ, ಆಪ್ಟಿಕಲ್ ಎನ್ನುವಂಥದ್ದು. ಅದರ ಎರಡೂ ತುದಿಗೆ ಬೇಳೆಕಾಳಿನಷ್ಟು ಪ್ಲಾಸ್ಟಿಕ್ಕಿನ ಟೊಪ್ಪಿಗೆ ಇತ್ತು. ತೆಗೆಯದೆ ಹಾಕಿದರೆ ಸದ್ದು ಬರುವುದಿಲ್ಲ. ತೆಗೆಯದೆಯೇ ಹಾಕಿಬಿಡೋಣ ಎಂದು ಅವನಿಗೆ ಒಮ್ಮೆ ನಿಜವಾಗಿಯೂ ಅನಿಸಿತು. ಸಂಜೆ ಕಮಲೇಶ ಬಂದು, ಪಪ್ಪ ಇದರ ಟೊಪ್ಪಿಗೆಯನ್ನೇ ತೆಗೆದಿಲ್ಲ ನೀವು ಎಂದು ನಗಲಿ. ಅಷ್ಟು ದೊಡ್ಡ ದಡ್ಡನಾಗುವುದು ಈಗ ಎಷ್ಟು ಸುಖದ ವಿಷಯ. ಬಾಳಿನಲ್ಲಿ ಇಷ್ಟು ಆಸೆಯಿಂದ ಅವನು ಯಾವತ್ತೂ ತನ್ನ ತಪ್ಪಿಗಾಗಿ ಹುಡುಕಿರಲಿಲ್ಲ. ಆದರೆ ಕೈ ಕೇಳಲಿಲ್ಲ, ಡ್ರೈವರನ ಕೈ, ಟೊಪ್ಪಿಗೆ ಕಿತ್ತು ಸರಿಯಾಗಿಯೇ ಸಿಕ್ಕಿಸಿತು. ಹಾಳೆಯ ಚಿತ್ರದಲ್ಲಿ ಇದ್ದದ್ದು, ಗೋಡೆಯಲ್ಲಿ ಇದ್ದದ್ದು, ಎರಡೂ ಒಂದೇ ಆದವು. ಇನ್ನು ಸರಿಮಾಡುವುದಕ್ಕೆ ಎಂತದೂ ಉಳಿಯಲಿಲ್ಲ. ಹೆಂಗಸಿನ ಹಿಂದೆ ಸಮುದ್ರದ ಚಿತ್ರ ಬಂತು, ದೊಡ್ಡ ದೊಡ್ಡ ತೆರೆಗಳು ಕಲ್ಲಿಗೆ ಬಡಿದು ಸದ್ದಿಲ್ಲದೆ ಒಡೆದವು.

ಕೋಲಿನ ಮೇಲೆ ಅಂಗೈ ಇಟ್ಟ. ಸಣ್ಣಗೆ ಅದುರಿದಂತಿತ್ತು, ಫ್ರಿಜ್ಜಿನ ಅದುರಾಟವೂ ಇರಬಹುದು, ತನ್ನ ಕೈಯದೂ ಇರಬಹುದು. ಆಗ ಅವನ ಕಾಲು ತಾನಾಗಿ ಬಾಲ್ಕನಿಯ ಹಲಗೆಯ ಕಡೆಗೆ ಹೋಯಿತು. ಹಳೆಯ ಸಾಮಾನಿನ ಡಬ್ಬಿಯಲ್ಲಿ ಅವನ ಉದ್ದದ ಸ್ಕ್ರೂಡ್ರೈವರ್ ಇನ್ನೂ ಇತ್ತು. ಲೀಲಣ್ಣನ ಕಿವಿ ಎಂದು ದಕ್ಕೆ ಹೊಗಳುತ್ತಿದ್ದುದು ಇದನ್ನೇ. ಎಂಜಿನಿನ ಮೈಗೆ ಇದರ ತುದಿ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆ ಒಳಗಿನ ಗಿಯರಿನ ಒಂದೊಂದು ಹಲ್ಲಿನ ಕಚ್ಚುವಿಕೆಯೂ ತಲೆಬುರುಡೆಯೊಳಗೆ ಬಂದು ಹೇಳಿ ಹೋಗುತ್ತಿತ್ತು. ಈಗ ಅವನು ಕೋಲಿನ ಎದುರು ಮಂಡಿಯೂರಿ ಕೂತು, ತುದಿಯನ್ನು ಅದರ ಬೆನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದೆ ಒತ್ತಿದ.

ಹೆಂಗಸು ಮಾತಾಡುತ್ತಿದ್ದಳು. ಮಂದವಾಗಿ, ನೀರಿನಡಿಯಿಂದ ಬಂದಂತೆ, ಆದರೆ ಮಾತೇ ಅದು. ಗಾಳಿ, ದೋಣಿ, ಇಳಿಯಬಾರದು ಎಂಬ ಪದಗಳು ಎಲುಬಿನಲ್ಲಿ ನಡೆದು ಬಂದವು. ಹಿಡಿ ತೆಗೆದ. ಬಾಯಿ ತೆರೆಯಿತು, ಮುಚ್ಚಿತು, ಮನೆ ನಿಶ್ಶಬ್ದ. ಮತ್ತೆ ಒತ್ತಿದ. ಮಾತಿತ್ತು. ಮೂರು ಸಲ, ನಾಲ್ಕು ಸಲ ಹಾಗೆಯೇ ಮಾಡಿದ. ಎಲ್ಲರೂ ಹೊಗಳಿದ್ದು ಅವನ ಕಿವಿಯನ್ನಲ್ಲ, ಎಲುಬನ್ನು. ಹಾಗಾದರೆ ಕಿವಿ? ಎಂಜಿನ್ ರೂಮಿನಲ್ಲಿ ಗಂಟೆ ಇದ್ದದ್ದು ಅವನು ಕೂರುವ ಹಲಗೆಗೆ ಎದುರಾಗಿ, ಕಣ್ಣಿಗೆ ಸರಿಸಮಕ್ಕೆ. ಹಿತ್ತಾಳೆಯ ಗಂಟೆ ಅಲುಗಾಡಿದ ಕೂಡಲೇ ಅವನ ಕೈ ಲಿವರಿಗೆ ಹೋಗುತ್ತಿತ್ತು. ಅಲುಗಾಡಿದ ಕೂಡಲೇ. ಬಡಿದ ಕೂಡಲೇ ಅಲ್ಲ. ಅದರ ಸದ್ದು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದ. ಹಿತ್ತಾಳೆಯ ಹೊಳಪು ನೆನಪಾಯಿತು, ಅಂಚಿನಲ್ಲಿದ್ದ ಒಂದು ಸೀಳು ನೆನಪಾಯಿತು, ಸದ್ದು ಮಾತ್ರ ಬರಲಿಲ್ಲ. ಆ ದಿನ ಅವನು ಗಂಟೆಗೆ ಬೆನ್ನು ಹಾಕಿ, ಬಗ್ಗಿ ಆಯಿಲ್ ಹೊಯ್ಯುತ್ತಿದ್ದ.

ಇಲ್ಲ, ಇಲ್ಲ, ಇದು ವಯಸ್ಸಿನ ಕಿವಿ, ಆಗ ಸರಿ ಇತ್ತು, ಎಂದು ಅವನು ಬಾಯಿಬಿಟ್ಟೇ ಹೇಳಿಕೊಂಡಿರಬೇಕು. ತನ್ನ ಕಿವಿ ಎಲ್ಲಿಂದ ಶುರುವಾಗುತ್ತದೆ ಎಂದು ನೋಡಬೇಕೆನಿಸಿತು. ರಿಮೋಟು ಹಿಡಿದು ಏರಿಸತೊಡಗಿದ. ಇಪ್ಪತ್ತು. ಮೂವತ್ತು. ನಲವತ್ತರಲ್ಲಿ ಸ್ಟ್ಯಾಂಡಿನ ಮೇಲಿದ್ದ ಕನ್ನಡಕ ತಾನಾಗಿ ಸರಿಯಿತು. ಅರವತ್ತಕ್ಕೆ, ಹೊಳೆಯ ಆಚೆ ದಡದಲ್ಲಿ ಯಾರೋ ಯಾರನ್ನೋ ಕರೆದಂತೆ, ಒಂದು ಸಣ್ಣ ಮಾತು ಕೇಳಿತು. ಅದರ ಹಿಂದೆಯೇ ಹೋಗಬೇಕೆಂದು ಅವನು ಎಪ್ಪತ್ತಕ್ಕೆ, ಎಂಬತ್ತಕ್ಕೆ ಏರಿಸಿ, ಕೋಲಿಗೆ ಮುಖ ಹತ್ತಿರ ತಂದು ಕೂತುಬಿಟ್ಟ. ಎಷ್ಟು ಹೊತ್ತೋ ತಿಳಿಯದು. ರಿಮೋಟನ್ನು ಯಾರೋ ಕೈಯಿಂದ ಕಸಿದಾಗ ಬೆಚ್ಚಿ ತಿರುಗಿದ.

ಅಮ್ಮಣ್ಣಿ ನಿಂತಿದ್ದಳು, ಒಂದು ಕೆನ್ನೆ ಊದಿತ್ತು, ಕೈಯಲ್ಲಿ ಮನೆಯ ಕೀಲಿಕೈ. ಅವಳ ಹಿಂದೆ ತೆರೆದ ಬಾಗಿಲಿನಲ್ಲಿ ಡಾಲಿ ಟೀಚರ್. ಅಮ್ಮಣ್ಣಿ ಟಿವಿ ಆರಿಸಿ, ಅವನ ಮುಖದೆದುರು ಬಂದು, ಮಕ್ಕಳಿಗೆ ಹೇಳುವಂತೆ ಬಾಯಿ ಅಗಲಿಸಿ ಹೇಳಿದಳು, "ಎಂತ ಮಾಡ್ತಿದ್ದೀರಿ ನೀವು? ಟೀಚರ್ ಹತ್ತು ನಿಮಿಷದಿಂದ ಹೊರಗೆ ನಿಂತು ಬೆಲ್ ಒತ್ತುತ್ತಾ ಇದ್ದಾರೆ."

"ಬೆಲ್ ಬಡಿಯಲಿಲ್ಲ," ಎಂದ ಲೀಲಾಧರ.

ಯೋಚಿಸಿ ಹೇಳಿದ ಮಾತಲ್ಲ. ನಾಲಗೆಯ ಮೇಲೆ ಇಪ್ಪತ್ತೆರಡು ವರ್ಷದಿಂದ ಸಿದ್ಧವಾಗಿ ಕೂತಿದ್ದದ್ದು ಹೊರಗೆ ಬಂತು. "ಅದರ ವಯರ್ ಹೋಗಿರಬೇಕು, ನಾನು ಇಲ್ಲೇ ಇದ್ದೆ, ಬಡಿಯಲೇ ಇಲ್ಲ," ಎಂದು ಮುಂದುವರಿಸಿದ. ಅಮ್ಮಣ್ಣಿ ಬಾಗಿಲಿಗೆ ಹೋಗಿ, ಹೊರಗೆ ಕೈ ಚಾಚಿ ಸ್ವಿಚ್ಚಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಬೆಲ್ಲಿನ ಪೆಟ್ಟಿಗೆ ಇದ್ದದ್ದು ಬಾಗಿಲಿನ ಮೇಲ್ಗಡೆ, ಸರಿಯಾಗಿ ಡಾಲಿ ಟೀಚರ ತಲೆಯ ಮೇಲೆ. ಟೀಚರ ಕಣ್ಣಿನ ರೆಪ್ಪೆಗಳು ಬಿಗಿದುಕೊಂಡವು, ಒಂದು ಕೈ ಕಿವಿಯ ಕಡೆಗೆ ಎದ್ದಿತು. ಅವನಿಗೆ ಕೇಳಿಸಿದ್ದು ಎಂತದೂ ಇಲ್ಲ. ಅಮ್ಮಣ್ಣಿಯ ಹೆಬ್ಬೆರಳು, ಟೀಚರ ಮುಖ, ಎರಡನ್ನೂ ಅವನು ನೋಡಿದ. ಟೀಚರ್ ಇವನ ಮುಖ ನೋಡಿದವರು ಹೇಳಲು ಬಂದದ್ದನ್ನು ಹೇಳದೆ, ತಲೆ ತಗ್ಗಿಸಿ ಮೆಟ್ಟಿಲು ಇಳಿದು ಹೋದರು. ಬೆತ್ತದ ಮಾತು ಆಡಿದ್ದರೆ ಅವನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಕಿವಿ ಯಾವಾಗ ಹೋಯ್ತು ನನ್ನದು?" ಎಂದು ಅವನು ಕೇಳಿದ. ಸ್ವರ ಎಷ್ಟು ಜೋರಾಗಿ ಬಂತೋ ಗೊತ್ತಾಗಲಿಲ್ಲ. "ಅಮ್ಮಣ್ಣಿ, ಸರಿ ನೆನಪು ಮಾಡಿ ಹೇಳು. ಈಗ ಒಂದೆರಡು ವರ್ಷ ಆಯ್ತು, ಅಲ್ವಾ?"

ಅವಳು ಊದಿದ ಕೆನ್ನೆಗೆ ಸೆರಗು ಒತ್ತಿಕೊಂಡು, ಅವನಿಗೆ ಬಾಯಿ ಕಾಣುವಂತೆ ಸೋಫಾದ ಮೇಲೆ ಕೂತಳು. ಅವಳಿಗೆ ಇದೊಂದು ದೊಡ್ಡ ವಿಷಯವೇ ಆಗಿರಲಿಲ್ಲ. ಬೋಟಿನ ಡ್ರೈವರನನ್ನು ಮದುವೆಯಾದವಳು. "ಒಂದೆರಡು ವರ್ಷವಾ? ಕಮಲೇಶ ತೊಟ್ಟಿಲಲ್ಲಿ ಇರುವಾಗ ರಾತ್ರಿಯಿಡೀ ಕೂಗ್ತಿದ್ದ. ನೀವು ಪಕ್ಕದಲ್ಲೇ ಕೂತು ಊಟ ಮಾಡ್ತಾ, ಮಗು ಮಲಗಿತಾ ಅಂತ ನನ್ನ ಹತ್ರ ಕೇಳ್ತಿದ್ರಿ. ಎಂಜಿನ್ ರೂಮಿನವರ ಕಿವಿ ಹಾಗೇ ಅಂತ ಅತ್ತೆ ಹೇಳಿದ್ರು. ನಿಮಗೆ ಬೇಸರ ಆಗ್ತದೆ ಅಂತ ನಾವು ಸುಮ್ಮನಿದ್ದದ್ದು." ಅವಳು ಅಷ್ಟು ಹೇಳಿ, ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಬೇಕೆಂದು ಒಳಗೆ ಹೋದಳು. ಅವನು ಲೆಕ್ಕ ಹಾಕಿದ. ತೊಟ್ಟಿಲಿಗೂ ಐದನೇ ಕ್ಲಾಸಿಗೂ ನಡುವೆ ಹತ್ತು ವರ್ಷ. ಒದ್ದೆ ಬಟ್ಟೆಯಲ್ಲಿ ದೈವದ ಎದುರು ನಿಂತವನಿಗೆ ಆಗಲೇ ಹತ್ತು ವರ್ಷದ ಕಿವುಡು. ಸುಳ್ಳು ಪ್ರಮಾಣಕ್ಕಾಗಿ ಕಿವಿಯನ್ನು ದೈವ ಆಮೇಲೆ ಕಿತ್ತುಕೊಂಡದ್ದಲ್ಲ. ಅದು ಸುಮ್ಮನೆ ನೋಡುತ್ತ ಕೂತಿತ್ತು. ಶಿಕ್ಷೆ ಆಗಿಹೋಗಿದೆ ಎಂದು ಮೂಲೆಯಲ್ಲೆಲ್ಲೋ ಇಟ್ಟುಕೊಂಡಿದ್ದ ಸಮಾಧಾನವೂ ಹೋಯಿತು. ಶಿಕ್ಷೆ ಇನ್ನು ಶುರುವಾಗಬೇಕಷ್ಟೆ.

ಲಿಫ್ಟಿಗೆ ಕಾಯದೆ ಅವನು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದ. ಹೇಳದಿದ್ದರೂ ಯಾರೂ ಕೇಳುವವರಿರಲಿಲ್ಲ; ಬೋಟು ನಡೆಸುತ್ತಿದ್ದ ತಂಡೇಲ ಸತ್ತಿದ್ದ, ಬೋಟು ಗುಜರಿಗೆ ಹೋಗಿತ್ತು, ತಂತಿ ಸಮುದ್ರದ ತಳದಲ್ಲಿತ್ತು. ಎರಡನೇ ಮಾಳಿಗೆಯಲ್ಲಿ ಒಮ್ಮೆ ನಿಂತ. ಹಿಂದೆ ಹೋಗಿ ಊಟ ಮಾಡಿ ಮಲಗಿದರೆ ಸಂಜೆ ಮಗ ಬರುತ್ತಾನೆ, ಕೋಲನ್ನು ನೋಡಿ ಹೊಗಳುತ್ತಾನೆ, ತಲೆಯಾಡಿಸಿದರಾಯಿತು. ಹೀಗೆ ಯೋಚಿಸುತ್ತಲೇ ಕೆಳಗೆ ಬಂದಿದ್ದ. ಲಿಗೋರಿ ನೀಲಿ ಶರಟಿನ ಗುಂಡಿ ಬಿಚ್ಚಿಕೊಂಡು, ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡು ಕೂತಿದ್ದ. ಎಡಗೈ ಎತ್ತಿದ.

"ಲಿಗೋರಿ, ನೀನು ಎಳೆದದ್ದು ಗಂಟೆಯ ತಂತಿಯೇ," ಎಂದ ಲೀಲಾಧರ, ಮುನ್ನುಡಿಯಿಲ್ಲದೆ. "ಆ ದಿನ. ತಂತಿ ಸರಿ ಇತ್ತು. ಗಂಟೆ ಬಡಿದಿತ್ತು. ಕಿವಿ ಇರಲಿಲ್ಲ ನನಗೆ, ಆಗಲೇ ಇರಲಿಲ್ಲ. ನಾನು ದೈವದ ಎದುರು ಸುಳ್ಳು ಹೇಳಿದೆ."

ಲಿಗೋರಿ ಬೀಡಿಯನ್ನು ಬಾಯಿಂದ ತೆಗೆದ. ಮುಖದಲ್ಲಿ ಏನೂ ಬದಲಾಗಲಿಲ್ಲ, ಅಥವಾ ಬದಲಾದದ್ದು ಲೀಲಾಧರನಿಗೆ ಓದಲು ಬರಲಿಲ್ಲ. ಅಷ್ಟರಲ್ಲಿ ಹೊರಗೆ ಒಂದು ಕಾರು ಬಂದು ನಿಂತಿತು. ಹಾರನ್ ಹಾಕಿರಬೇಕು, ಲಿಗೋರಿ ಎದ್ದು ಹೋಗಿ, ಬೆನ್ನು ಹಾಕಿ ಗೇಟು ತಳ್ಳತೊಡಗಿದ. ತಳ್ಳುತ್ತ ಏನೋ ಹೇಳಿದ. ಹೇಳಿದನೆಂದು ಗೊತ್ತಾದದ್ದು ಕಿವಿಯ ಕೆಳಗೆ ದವಡೆ ಅಲುಗಾಡಿದ್ದರಿಂದ. ಉದ್ದದ ಮಾತಲ್ಲ, ನಾಲ್ಕೈದು ಪದ ಇದ್ದೀತು. ಶಾಪವೋ, ಹೋಗಲಿ ಬಿಡಿ ಎಂದದ್ದೋ. ಲೀಲಾಧರನ ಕುತ್ತಿಗೆ ಅಭ್ಯಾಸಬಲದಿಂದ ತಲೆಯಾಡಿಸಲು ಹೊರಟಿತು. 'ಹೋಗಲಿ ಬಿಡಿ' ಎಂದೇ ಹೇಳಿದ್ದು ಎಂದುಕೊಂಡು ಮೇಲೆ ಹೋಗಿಬಿಡಬಹುದು. ಇನ್ನಿರುವ ವರ್ಷಗಳಿಗೆ ಅದು ಸಾಕಾಗುತ್ತದೆ. ಇಷ್ಟು ಹೆದರಿಕೆ ಅವನಿಗೆ ಯಾವ ಸಮುದ್ರದಲ್ಲೂ ಆಗಿರಲಿಲ್ಲ. ಕಾರು ಒಳಗೆ ಹೋಯಿತು. ಅವನು ಗೇಟನ್ನು ಸುತ್ತು ಹಾಕಿ ಲಿಗೋರಿಯ ಎದುರಿಗೆ ಬಂದು ನಿಂತ.

"ನನಗೆ ಕೇಳಲಿಲ್ಲ ಲಿಗೋರಿ," ಎಂದ. "ಇನ್ನೊಮ್ಮೆ ಹೇಳು."

ಲಿಗೋರಿ ಗೇಟಿನಿಂದ ಕೈ ತೆಗೆದ. ಆಮೇಲೆ ಹತ್ತಿರ ಬಂದು, ಎರಡು ಬೆರಳಿನ ಕೈಯಿಂದ ಅವನ ಕುತ್ತಿಗೆಯನ್ನು ಹಿಡಿದು ಬಗ್ಗಿಸಿ, ಕಿವಿಗೆ ಬಾಯಿ ತಾಗಿಸಿ, ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ.

"ಒಂಬತ್ತು ಸಲ ಎಳೆದಿದ್ದೆ, ಲೀಲಣ್ಣ. ನಾನು ಎಣಿಸಿದ್ದೇನೆ."

ಲೀಲಾಧರನಿಗೆ ಒಂದು ಅಕ್ಷರವೂ ಬಿಡದೆ ಕೇಳಿತು.